ಉಕ್ಕಿಗೆ ಬೆಸುಗೆ ಸಲೀಸು, ಈ ಹಗುರ ಲೋಹಕ್ಕೆ ಏಕಿಲ್ಲ? ಕೊಚ್ಚಿಯಿಂದ ತಿರುವನಂತಪುರದವರೆಗೆ ವೆಲ್ಡಿಂಗ್ ಕಥೆ

ಕೊಚ್ಚಿ ಶಿಪ್‌ಯಾರ್ಡ್‌ನಲ್ಲಿ ಕಟ್ಟಿ 2022ರಲ್ಲಿ ನೌಕಾಪಡೆಗೆ ಸೇರಿದ ಐಎನ್‌ಎಸ್ ವಿಕ್ರಾಂತ್‌ನ ಒಡಲು ಉಕ್ಕಿನ ಪ್ಲೇಟ್‌ಗಳನ್ನು ವೆಲ್ಡಿಂಗ್ ಮಾಡಿ ಜೋಡಿಸಿದ್ದು. ಆದರೆ ಜೆಟ್ ಎಂಜಿನ್‌ಗಳಲ್ಲಿ ಬಳಸುವ ಟೈಟಾನಿಯಂ ಅಲ್ಯೂಮಿನೈಡ್ ಎಂಬ ಹಗುರ ಲೋಹವನ್ನು ಅದೇ ರೀತಿ ಬೆಸೆಯಲು ಹೋದರೆ, ತಣ್ಣಗಾಗುವಷ್ಟರಲ್ಲಿ ಬಿರುಕು ಬಿಡುತ್ತದೆ. ಯಾಕೆ ಹೀಗೆ?

ಇದು ಟೈಟಾನಿಯಂ ಮತ್ತು ಅಲ್ಯೂಮಿನಿಯಂ ಹೆಚ್ಚುಕಡಿಮೆ ಸಮನಾಗಿ ಸೇರಿದ ಲೋಹ. ಮಾಮೂಲಿ ಮಿಶ್ರಲೋಹದಲ್ಲಿ ಪರಮಾಣುಗಳು ಕಲಸಿಹೋಗಿರುತ್ತವೆ. ಇಲ್ಲಿ ಹಾಗಲ್ಲ, ಒಂದು ಪದರ ಟೈಟಾನಿಯಂ, ಇನ್ನೊಂದು ಪದರ ಅಲ್ಯೂಮಿನಿಯಂ ಎಂಬಂತೆ ಶಿಸ್ತಾಗಿ ಕೂತಿರುತ್ತವೆ. ಜಾಗ ಬಿಟ್ಟು ಜಾರುವುದು ಕಷ್ಟ. ಹಾಗಾಗಿ ಸುಮಾರು 750 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲೂ ಲೋಹ ಗಟ್ಟಿಯಾಗಿಯೇ ಇರುತ್ತದೆ. ತೂಕವಂತೂ ನಿಕಲ್ ಮಿಶ್ರಲೋಹದ ಅರ್ಧದಷ್ಟು. ಬೋಯಿಂಗ್ 787ರ ಜಿಇಎನ್‌ಎಕ್ಸ್ ಎಂಜಿನ್‌ನ ಕೆಲವು ಟರ್ಬೈನ್ ಬ್ಲೇಡ್‌ಗಳು ಇದರವೇ.

ಬೆಸುಗೆಯ ಹೊತ್ತಿಗೆ ಅದೇ ಗುಣ ಮುಳುವಾಗುತ್ತದೆ. ಕರಗಿದ ಭಾಗ ಆರುವಾಗ ಕುಗ್ಗಿ ಅಕ್ಕಪಕ್ಕದ ಲೋಹವನ್ನು ಎಳೆಯುತ್ತದೆ. ಉಕ್ಕು ಸ್ವಲ್ಪ ಹಿಗ್ಗಿ ಸುಧಾರಿಸಿಕೊಳ್ಳುತ್ತದೆ. ತಣ್ಣಗಿನ ಅಲ್ಯೂಮಿನೈಡ್ ಶೇ 1ರಿಂದ 2ರಷ್ಟು ಹಿಗ್ಗುವುದೇ ಹೆಚ್ಚು, ಆಮೇಲೆ ಸೀಳು. ಆದ್ದರಿಂದ ಇಡೀ ಭಾಗವನ್ನು ಮೊದಲೇ ನೂರಾರು ಡಿಗ್ರಿಗೆ ಕಾಯಿಸಿ, ನಿರ್ವಾತದಲ್ಲಿ ಎಲೆಕ್ಟ್ರಾನ್ ಕಿರಣದಿಂದ ಬೆಸೆದು, ನಿಧಾನವಾಗಿ ಆರಿಸಬೇಕು. ಇನ್ನೊಂದು ದಾರಿ, ಕರಗಿಸದೆ ಬಿಸಿಯಲ್ಲಿ ಒತ್ತಿ ಹಿಡಿದು ಕೂಡಿಸುವುದು. ಇದಕ್ಕೆ ಗಂಟೆಗಟ್ಟಲೆ ಹಿಡಿಯಬಹುದು.

ಬೆಸುಗೆಯೇ ಇಲ್ಲದಂತೆ ಮಾಡಿದರೆ? ತಿರುವನಂತಪುರದ ಇಸ್ರೋ ಕೇಂದ್ರಗಳು ಬೇರೆ ಲೋಹದಲ್ಲಿ ಈ ಹಾದಿ ಹಿಡಿದಿವೆ. ವಲಿಯಮಲದ ಎಲ್‌ಪಿಎಸ್‌ಸಿ, ಪಿಎಸ್‌ಎಲ್‌ವಿ ನಾಲ್ಕನೇ ಹಂತದ ಎಂಜಿನ್ ಅನ್ನು 3ಡಿ ಪ್ರಿಂಟಿಂಗ್‌ಗೆ ಹೊಂದುವಂತೆ ಮರುವಿನ್ಯಾಸ ಮಾಡಿತು. 14 ಬಿಡಿಭಾಗಗಳು ಒಂದಾದವು, 19 ಬೆಸುಗೆಗಳು ಮಾಯ! 2024ರ ಮೇ 9ರಂದು ಅದು 665 ಸೆಕೆಂಡ್ ಉರಿಯಿತು. ಅದೇ ಹಂತದ ನಾಜಲ್‌ಗೆ ವಿಎಸ್‌ಎಸ್‌ಸಿ ಲೋಹದ ಬದಲು ಕಾರ್ಬನ್-ಕಾರ್ಬನ್ ಬಳಸಿದೆ. ಅದರ ತೂಕ ಶೇ 67ರಷ್ಟು ಇಳಿದು, ರಾಕೆಟ್ ಹೊರುವ ಉಪಗ್ರಹದ ಭಾರ 15 ಕೆ.ಜಿ. ಹೆಚ್ಚಬಹುದು ಎಂಬುದು ಇಸ್ರೋ ಲೆಕ್ಕ. ಹಗುರ ವಸ್ತುವಿನ ಹಿಂದೆ ಎಲ್ಲರೂ ಬಿದ್ದಿರುವುದು ಸುಮ್ಮನೆ ಅಲ್ಲ.

ಟೈಟಾನಿಯಂ ಅಲ್ಯೂಮಿನೈಡ್ ಕೂಡ ಈಗ ಪ್ರಿಂಟ್ ಆಗುತ್ತಿದೆ. ಜಿಇ9ಎಕ್ಸ್ ಎಂಜಿನ್‌ನ ಬ್ಲೇಡ್‌ಗಳನ್ನು ಇಟಲಿಯಲ್ಲಿ ಎಲೆಕ್ಟ್ರಾನ್ ಕಿರಣದಿಂದ ಪದರಪದರವಾಗಿ ರೂಪಿಸುತ್ತಾರೆ. ಅಲ್ಲೂ ಬಿರುಕು ತಡೆಯಲು ಪುಡಿಯನ್ನು ಬಿಸಿಯಾಗಿಯೇ ಇಟ್ಟಿರಬೇಕು. ಆದರೆ ಓಡಿ ಸವೆದ ಬ್ಲೇಡ್‌ನ ತುದಿಗೆ ಮತ್ತೆ ಲೋಹ ತುಂಬಬೇಕೆಂದರೆ ಬೆಸುಗೆಯನ್ನು ತಪ್ಪಿಸಿಕೊಳ್ಳುವಂತಿಲ್ಲ.