ದಬ್ಬಾಳಿಕೆ ಅಂದ್ರೆ ಯಾವುದು?



‘ಅವಳದ್ದು ಬೋ ದಬ್ಬಾಳಿಕೆ ಕಣಕ್ಕ’ ಅಂತ ಸಂಘದ ಸಭೆಯಲ್ಲಿ ಆಗಾಗ ಅಂತೀವಿ. ಜೋರಾಗಿ ಮಾತಾಡಿದ್ದಕ್ಕೇ ಹಾಗಂದುಬಿಡ್ತೀವಿ. ಗಂಟಲು ದೊಡ್ಡದಿದ್ದ ಮಾತ್ರಕ್ಕೆ ಅದು ದಬ್ಬಾಳಿಕೆಯಲ್ಲ. ಆ ಪದದಲ್ಲೇ ‘ದಬ್ಬು’ ಕೇಳಿಸುತ್ತದೆ, ‘ಆಳು’ ಕೇಳಿಸುತ್ತದೆ. ಒಬ್ಬರ ಇಷ್ಟವನ್ನು ಪಕ್ಕಕ್ಕೆ ದಬ್ಬಿ ಅವರನ್ನು ಆಳುವುದು ದಬ್ಬಾಳಿಕೆ. ‘ಬೇಡ’ ಎಂದರೆ ಆ ಮಾತಿಗೆ ಬೆಲೆ ಇದೆಯೋ ಇಲ್ಲವೋ, ಅದನ್ನು ನೋಡಬೇಕು. ಮೆತ್ತಗೆ ನಗುನಗುತ್ತಲೂ ದಬ್ಬಾಳಿಕೆ ಮಾಡೋರಿದ್ದಾರೆ.

ಇದರ ಅತಿ ಕ್ರೂರ ರೂಪ ಜೀತ. ರಾಮನಗರ, ಮಾಗಡಿಯ ರೇಷ್ಮೆ ಘಟಕಗಳಲ್ಲಿ ಮುಂಗಡ ಸಾಲಕ್ಕಾಗಿ ಮಕ್ಕಳನ್ನು ದುಡಿಸಿಕೊಂಡದ್ದನ್ನು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರಲ್ಲಿ ವರದಿ ಮಾಡಿತ್ತು. ಜೀತ ರದ್ದುಮಾಡಿದ ಕಾಯ್ದೆ ಬಂದದ್ದು 1976ರಲ್ಲೇ!

ಮನೆಯೊಳಗಿನ ದಬ್ಬಾಳಿಕೆ ಬೇಗ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೆ ‘ಯಜಮಾನಿಕೆ’ ಅನ್ನೋ ಗೌರವದ ಹೆಸರಿದೆಯಲ್ಲ. ಹಿಪ್ಪುನೇರಳೆ ಸೊಪ್ಪು ಕೊಯ್ದು, ರಾತ್ರಿ ಎದ್ದು ಹುಳಕ್ಕೆ ಹಾಕಿ, ಚಂದ್ರಿಕೆಯಿಂದ ಗೂಡು ಬಿಡಿಸೋರು ಹೆಂಗಸರು. ಮಾರ್ಕೆಟ್ಟಿಗೆ ಹೋಗಿ ದುಡ್ಡು ತರೋರು ಗಂಡಸರು. ಅಲ್ಲಿಗೆ ಅದು ಕೆಲಸ ಹಂಚಿಕೊಂಡಂತೆ ಅನ್ನೋಣ. ಆದರೆ ಆ ದುಡ್ಡಲ್ಲಿ ಮಗಳ ಫೀಸಿಗೆ ಕೇಳಿದಾಗ ‘ನಿಂಗ್ಯಾಕೆ ಅದೆಲ್ಲ?’ ಅಂದರೆ ಅದು ದಬ್ಬಾಳಿಕೆ. ಸಂಘದ ಸಾಲ ನಿಮ್ಮ ಹೆಸರಲ್ಲಿ, ಖರ್ಚು ಮಾಡೋರು ಬೇರೆಯವರು, ಕೂಲಿ ಮಾಡಿ ಕಂತು ಕಟ್ಟೋರು ಮಾತ್ರ ನೀವು. ಇದೂ ಅದೇ. 2005ರ ಕೌಟುಂಬಿಕ ಹಿಂಸೆ ಕಾಯ್ದೆ 2006ರ ಅಕ್ಟೋಬರಿನಲ್ಲಿ ಜಾರಿಗೆ ಬಂತು. ಅದು ಹೊಡೆತ ಬಡಿತವನ್ನಷ್ಟೇ ಹಿಂಸೆ ಅನ್ನುವುದಿಲ್ಲ. ಮನೆಖರ್ಚಿಗೆ ಕೊಡದೆ ಸತಾಯಿಸುವುದು, ಸ್ತ್ರೀಧನ ಕಿತ್ತುಕೊಳ್ಳುವುದು ಕೂಡ ಕಾನೂನಿನ ಕಣ್ಣಲ್ಲಿ ಆರ್ಥಿಕ ಹಿಂಸೆ.

ನಮ್ಮ ಸಂಘಗಳನ್ನೂ ಬಿಡಬಾರದು. ಲೆಕ್ಕದ ಪುಸ್ತಕ, ಪಾಸ್‌ಬುಕ್ ಎಲ್ಲ ಒಬ್ಬರ ಮನೆಯಲ್ಲೇ, ಸಾಲ ಯಾರಿಗೆ ಅಂತ ತೀರ್ಮಾನವೂ ಅವರದ್ದೇ, ಉಳಿದವರದ್ದು ಬರೀ ಸಹಿ. ಆ ಪ್ರತಿನಿಧಿ ಒಳ್ಳೆಯವಳೇ ಇರಬಹುದು. ಆದರೂ ಗುರುವಾಗಿದ್ದ ಯೇಸುಸ್ವಾಮಿಯೇ ಶಿಷ್ಯರ ಕಾಲು ತೊಳೆದರಲ್ಲವೇ? ನಡಾವಳಿಯನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿಸಿ, ಆಮೇಲೆ ಸಹಿ ಹಾಕಿ. ಪ್ರತಿನಿಧಿಗಳನ್ನು ಸರದಿಯಂತೆ ಬದಲಿಸಿ. ಹಾಗಂತ, ಎಲ್ಲರೂ ಒಪ್ಪಿದ ನಿಯಮದಂತೆ ‘ಕಂತು ಕಟ್ಟಮ್ಮ’ ಅಂತ ಕೇಳಿದವಳನ್ನು ದಬ್ಬಾಳಿಕೆಯವಳು ಅನ್ನಬೇಡಿ. ಅದು ಅವಳ ಜವಾಬ್ದಾರಿ.

ಮನೆಯಲ್ಲಿ ತೊಂದರೆ ಇರುವವರು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಯಾವ ತಾಲ್ಲೂಕಿನವರೇ ಆಗಲಿ, ತಮ್ಮ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ (ಸಿಡಿಪಿಒ) ಕಚೇರಿಗೆ ಹೋಗಬಹುದು. ಈ ಕಾಯ್ದೆಯಡಿ ಸಂರಕ್ಷಣಾಧಿಕಾರಿ ಅವರೇ. ಮಹಿಳಾ ಸಹಾಯವಾಣಿ 181. ಒಬ್ಬಳೇ ಹೋಗಲು ಅಂಜಿಕೆಯಾದರೆ ಸಂಘದ ಇಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ.