ಬರಿಗಾಲಲ್ಲಿ ಓಡಿದ್ರೆ ಪಾದಕ್ಕೆ ಏನಾಗುತ್ತೆ? ಶೂ ಹಾಕಿದ್ರೆ?

ಕೆಂಗೇರಿ ಉಪನಗರದಿಂದ ಮಾತಾಡ್ತಾ ಇದ್ದೀನಿ. ಇಯರ್‌ಫೋನ್ ಹಾಕ್ಕೊಂಡು ಓಡ್ತಾ ಕೇಳ್ತಾ ಇರೋರು ಸ್ವಲ್ಪ ನಿಧಾನ ಮಾಡಿ, ಇವತ್ತಿನ ವಿಷಯ ನಿಮ್ಮ ಕಾಲಿನದ್ದೇ.

2020ರ ಫೆಬ್ರವರಿ 1 ನೆನಪಿದೆಯಾ? ದಕ್ಷಿಣ ಕನ್ನಡದ ಐಕಳದಲ್ಲಿ ಕಂಬಳ. ಮೂಡುಬಿದಿರೆ ಹತ್ತಿರದ ಮಿಜಾರಿನ ಶ್ರೀನಿವಾಸ ಗೌಡರು ಕೋಣಗಳ ಹಿಂದೆ 142.5 ಮೀಟರ್ ಕೆಸರನ್ನು 13.62 ಸೆಕೆಂಡಿನಲ್ಲಿ ಓಡಿ ಮುಗಿಸಿದರು. ಬರಿಗಾಲಲ್ಲಿ. ಅದನ್ನ 100 ಮೀಟರಿಗೆ ಇಳಿಸಿದ್ರೆ 9.55 ಸೆಕೆಂಡ್ ಅಂತ ಯಾರೋ ಲೆಕ್ಕ ಹಾಕಿದ್ರು. ಉಸೇನ್ ಬೋಲ್ಟ್ ದಾಖಲೆ 9.58. ಅಷ್ಟೇ ಸಾಕಾಯ್ತು, ವಿಡಿಯೋ ದೇಶವೆಲ್ಲ ಸುತ್ತಿತು. ಆಗಿನ ಕೇಂದ್ರ ಕ್ರೀಡಾ ಸಚಿವ ಕಿರಣ್ ರಿಜಿಜು ಅವರು ಸಾಯ್ ಕೋಚ್‌ಗಳ ಮುಂದೆ ಟ್ರಯಲ್ಸ್ ಕೊಡೋಕೆ ಕರೆದರು. ಸಾಯ್‌ನ ಬೆಂಗಳೂರು ಕೇಂದ್ರ ಇರೋದು ನಮಗೆ ಹತ್ತಿರದಲ್ಲೇ, ಜ್ಞಾನಭಾರತಿ ಕಡೆ. ಗೌಡರು ಟ್ರಯಲ್ಸ್ ಕೊಡಲಿಲ್ಲ.

ಕಾಲಿಗೆ ಗಾಯವಾಗಿತ್ತು, ಕಂಬಳದ ಸೀಸನ್ ಬೇರೆ ನಡೀತಿತ್ತು. ಆದ್ರೆ ಅವರು ಕೊಟ್ಟ ಇನ್ನೊಂದು ಕಾರಣ ನನಗೆ ತುಂಬಾ ಇಷ್ಟ. ಕಂಬಳದಲ್ಲಿ ಕೆಲಸ ಮಾಡೋದು ಹಿಮ್ಮಡಿ, ಟ್ರ್ಯಾಕಿನಲ್ಲಿ ಕೆಲಸ ಮಾಡೋದು ಕಾಲ್ಬೆರಳು, ಎರಡೂ ಬೇರೆ ಬೇರೆ ಅಂದ್ರು. ಮೇಲಾಗಿ ಕಂಬಳದಲ್ಲಿ ಕೋಣಗಳ ಪಾಲೂ ಇದೆ ಅಂದ್ರು. ಟಿವಿ ಚರ್ಚೆಗಳಲ್ಲಿ ಗಂಟೆಗಟ್ಟಲೆ ಹೇಳದ ಬಯೋಮೆಕ್ಯಾನಿಕ್ಸ್ ಅನ್ನು ಅವರು ಎರಡು ವಾಕ್ಯದಲ್ಲಿ ಹೇಳಿಬಿಟ್ಟಿದ್ರು: ಪಾದ ಹೇಗೆ ಊರುತ್ತೆ ಅನ್ನೋದು ಶೂ ಇದೆಯೋ ಇಲ್ಲವೋ ಅನ್ನೋದರ ಮೇಲೆ ಮಾತ್ರ ನಿಂತಿಲ್ಲ. ನೆಲ ಯಾವುದು, ವೇಗ ಎಷ್ಟು, ಆ ಕಾಲು ಏನನ್ನು ರೂಢಿ ಮಾಡಿಕೊಂಡಿದೆ, ಇವೆಲ್ಲ ಸೇರಿ ತೀರ್ಮಾನ ಆಗುತ್ತೆ.

ಈಗ ಕೆಸರು ಬಿಟ್ಟು ಡಾಂಬರಿಗೆ ಬರೋಣ.

ಓಡುವಾಗ ಪ್ರತಿ ಹೆಜ್ಜೆಯಲ್ಲೂ ಒಂದೇ ಕಾಲಿನ ಮೇಲೆ ನಿಮ್ಮ ತೂಕದ ಸುಮಾರು ಎರಡೂವರೆ ಪಟ್ಟು ಭಾರ ಬೀಳುತ್ತೆ. 60 ಕೆಜಿ ಇದ್ದೀರಾ? ಹಾಗಾದ್ರೆ 150 ಕೆಜಿಯ ಲೆಕ್ಕ. ಅದೂ ಕಾಲು ಸೆಕೆಂಡಿನಷ್ಟು ಹೊತ್ತಿನಲ್ಲಿ. ಶೂ ಹಾಕಿ ಓಡೋರಲ್ಲಿ ಹೆಚ್ಚಿನವರು ಮೊದಲು ಹಿಮ್ಮಡಿ ಊರ್ತಾರೆ. ಶೂಗೆ ಹಿಂದೆ ದಪ್ಪ ಮೆತ್ತೆ ಇರುತ್ತಲ್ಲ, ಹಿಮ್ಮಡಿಗೆ ನೋವೇ ಗೊತ್ತಾಗಲ್ಲ. ಅದೇ ಶೂ ಬಿಚ್ಚಿ ಉಪನಗರದ ಯಾವುದಾದ್ರೂ ರಸ್ತೆಯಲ್ಲಿ ಹತ್ತು ಹೆಜ್ಜೆ ಓಡಿ ನೋಡಿ. ಹಿಮ್ಮಡಿ ಬಡಿದ ತಕ್ಷಣ ತಲೆತನಕ ಝಲ್ ಅನ್ನುತ್ತೆ. ಯಾರೂ ಹೇಳಿಕೊಡದೇನೇ ನೀವು ಹೆಜ್ಜೆ ಚಿಕ್ಕದು ಮಾಡ್ತೀರಿ, ಮಂಡಿ ಸ್ವಲ್ಪ ಹೆಚ್ಚು ಬಗ್ಗಿಸ್ತೀರಿ, ಪಾದದ ಮುಂಭಾಗ ಅಥವಾ ಮಧ್ಯಭಾಗ ಮೊದಲು ಊರ್ತೀರಿ.

2010ರಲ್ಲಿ ಹಾರ್ವರ್ಡ್‌ನ ಡೇನಿಯಲ್ ಲೀಬರ್‌ಮನ್ ಮತ್ತು ಜೊತೆಗಾರರು ‘ನೇಚರ್’ ಪತ್ರಿಕೆಯಲ್ಲಿ ಇದನ್ನೇ ಅಳೆದು ತೋರಿಸಿದರು. ನೆಲ ಮುಟ್ಟಿದ ಮೊದಲ ಕ್ಷಣದಲ್ಲಿ ಬರುವ ಹೊಡೆತವನ್ನು ಅವರು ಹೋಲಿಸಿದ್ರು. ಬರಿಗಾಲಲ್ಲಿ ಮುಂಗಾಲು ಊರಿ ಓಡೋರಿಗೆ ಆ ಹೊಡೆತ, ಬರಿಗಾಲಲ್ಲೇ ಹಿಮ್ಮಡಿ ಊರೋರ ಮೂರನೇ ಒಂದರಷ್ಟು ಮಾತ್ರ. ಈ ಒಂದು ಫಲಿತಾಂಶದಿಂದ ಜಗತ್ತಿನಲ್ಲಿ ಬರಿಗಾಲ ಓಟದ ಅಲೆ ಇನ್ನಷ್ಟು ಜೋರಾಯ್ತು. ಬೆರಳುಗಳಿಗೆ ಬೇರೆ ಬೇರೆ ಗೂಡಿರೋ, ಕೈಗವಸಿನ ಹಾಗೆ ಕಾಣೋ ವೈಬ್ರಮ್ ಶೂ ನೋಡಿರ್ತೀರಿ, ಅದು ಭರ್ಜರಿಯಾಗಿ ಮಾರಾಟವಾಯ್ತು. 2014ರಲ್ಲಿ ಅದೇ ಕಂಪನಿ, ತನ್ನ ಆರೋಗ್ಯದ ಜಾಹೀರಾತುಗಳ ಮೇಲಿನ ಮೊಕದ್ದಮೆಯನ್ನು 37.5 ಲಕ್ಷ ಡಾಲರ್‌ಗೆ ರಾಜಿ ಮಾಡಿಕೊಳ್ತು.

ಅಂದ್ರೆ ಲೀಬರ್‌ಮನ್ ಅಳೆದದ್ದು ಸುಳ್ಳಾ? ಅಲ್ಲ. ಜನ ಅದನ್ನ ಅರ್ಧ ಮಾತ್ರ ಓದಿದ್ರು.

ಹೊಡೆತ ಕಮ್ಮಿಯಾದ್ರೂ ಭಾರ ಎಲ್ಲೂ ಮಾಯ ಆಗಲ್ಲ, ಜಾಗ ಬದಲಾಯಿಸುತ್ತೆ ಅಷ್ಟೇ. ಹಿಮ್ಮಡಿ ಊರಿ ಓಡಿದಾಗ ಮಂಡಿಗೆ ಕೆಲಸ ಜಾಸ್ತಿ. ಮುಂಗಾಲು ಊರಿದಾಗ ಆ ಕೆಲಸ ಮೀನಖಂಡಕ್ಕೆ, ಅದನ್ನು ಹಿಮ್ಮಡಿಗೆ ಕಟ್ಟಿರೋ ಅಕಿಲಿಸ್ ಅನ್ನೋ ದಪ್ಪ ಹುರಿಗೆ, ಮತ್ತೆ ಪಾದದ ಮುಂದಿನ ಸಣ್ಣ ಉದ್ದ ಮೂಳೆಗಳಿಗೆ ಹೋಗುತ್ತೆ. ಮಂಡಿ ನೋವು ಇರೋರಿಗೆ ಇದು ಒಳ್ಳೇ ಸುದ್ದಿ ಅನ್ನಿಸಬಹುದು. ಅಕಿಲಿಸ್ ನೋವು ಇರೋರಿಗೆ ಖಂಡಿತ ಅಲ್ಲ.

ಇನ್ನೊಂದು ವಿಷಯ. ‘ಬರಿಗಾಲಲ್ಲಿ ಓಡೋರೆಲ್ಲ ಮುಂಗಾಲೇ ಊರ್ತಾರೆ’ ಅನ್ನೋದು ರೀಲ್ಸ್‌ನಲ್ಲಿ ಓಡಾಡೋ ಮಾತು. ಉತ್ತರ ಕೀನ್ಯಾದ ದಾಸನಾಚ್ ಜನ ಚಿಕ್ಕಂದಿನಿಂದ ಬರಿಗಾಲಲ್ಲೇ ಬೆಳೆದವರು. 2013ರಲ್ಲಿ ಅವರ ಓಟವನ್ನು ಗಮನಿಸಿದಾಗ, ದೂರದ ಓಟಕ್ಕೆ ತಮಗೆ ಹಿತವೆನಿಸಿದ ವೇಗದಲ್ಲಿ ಹೆಚ್ಚಿನವರು ಹಿಮ್ಮಡಿಯನ್ನೇ ಮೊದಲು ಊರ್ತಿದ್ರು. ವೇಗ ಏರಿದ ಹಾಗೆ ಅದು ಕಮ್ಮಿ ಆಗ್ತಿತ್ತು. ಅಬೆಬೆ ಬಿಕಿಲಾ ಕಥೆಯನ್ನೂ ಪೂರ್ತಿ ಹೇಳಬೇಕು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಬರಿಗಾಲಲ್ಲಿ ಮ್ಯಾರಥಾನ್ ಗೆದ್ದರು ಅನ್ನೋದನ್ನ ಎಲ್ಲರೂ ಹೇಳ್ತಾರೆ. 1964ರಲ್ಲಿ ಟೋಕಿಯೋದಲ್ಲಿ ಶೂ ಹಾಕ್ಕೊಂಡು ಮತ್ತೆ ಗೆದ್ದರು, ಅದೂ ಮೂರು ನಿಮಿಷ ಬೇಗ. ಅದನ್ನ ಹೇಳೋರು ಕಡಿಮೆ.

ಇದೆಲ್ಲ ಯಾಕೆ ಹೇಳ್ತಿದ್ದೀನಿ ಅಂದ್ರೆ, ವಿಜಯನಗರದ ಪಿಜಿಯಲ್ಲಿದ್ದು ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆಗೆ ಓದ್ತಿರೋ ಒಬ್ಬ ಕೇಳುಗ ವಾಯ್ಸ್ ನೋಟ್ ಕಳಿಸಿದ್ದಾನೆ. ವಿಜಯಪುರ ಕಡೆಯವನು. “ಸರ, ಊರಾಗ ಬರಿಗಾಲಲೇ ಓಡಿ ಬೆಳದಾಂವ ನಾ. ಇಲ್ಲಿ ಶೂ ತಗೋಬೇಕಂದ್ರ ಎಂಟ್ಹತ್ತು ಸಾವಿರ ಅಂತಾರ. ಬರಿಗಾಲಲೇ ಪ್ರಾಕ್ಟೀಸ್ ಮಾಡಿದ್ರ ನಡೀತದೇನ್ರಿ?” ಮೆಟ್ರೋದಲ್ಲಿ ಜ್ಞಾನಭಾರತಿಗೆ ಬಂದು ಬೆಳಿಗ್ಗೆ ಓಡೋ ಇಂಥ ಎಷ್ಟೋ ಹುಡುಗರು ಇದ್ದಾರೆ. ಹುಡುಗರಿಗೆ 1600 ಮೀಟರ್, ಆರೂವರೆ ನಿಮಿಷ. ಅದರಲ್ಲಿ ಹೋದ್ರೆ ಓದಿದ್ದೆಲ್ಲ ಹೋದ ಹಾಗೆ.

ತಮ್ಮಾ, ಊರಲ್ಲಿ ಬರಿಗಾಲಲ್ಲಿ ಓಡಿದ್ದು ನಿನಗೆ ಲಾಭವೇ. ಆದ್ರೆ ಅದಾಗಿ ಎಷ್ಟು ವರ್ಷ ಆಯ್ತು? ಕಾಲೇಜು, ಕೋಚಿಂಗ್ ಅಂತ ಮೂರ್ನಾಲ್ಕು ವರ್ಷ ಶೂ-ಚಪ್ಪಲಿಯಲ್ಲೇ ಕಳೆದಿದ್ದರೆ, ಅಂಗಾಲಿನ ಚರ್ಮ, ಪಾದದ ಒಳಗಿನ ಸಣ್ಣ ಸ್ನಾಯುಗಳು, ಮೂಳೆ ಎಲ್ಲವೂ ಹಳೇ ರೂಢಿ ಬಿಟ್ಟಿರುತ್ತವೆ. ಸ್ನಾಯು ಕೆಲವೇ ವಾರಗಳಲ್ಲಿ ಹುರುಪಾಗುತ್ತೆ, ಉಸಿರು ಇನ್ನೂ ಬೇಗ ಸುಧಾರಿಸುತ್ತೆ. ಮೂಳೆ ಮಾತ್ರ ತಿಂಗಳುಗಟ್ಟಲೆ ತಗೊಳ್ಳುತ್ತೆ. ತೊಂದರೆ ಆಗೋದು ಇಲ್ಲೇ: ಮೈಯೆಲ್ಲ ತಯಾರಾಗಿದೆ ಅಂತ ಅನ್ನಿಸುತ್ತೆ, ಮೂಳೆ ತಯಾರಾಗಿರಲ್ಲ.

2013ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಇದೆ. ಮಾಮೂಲಿ ಶೂನಲ್ಲಿ ಓಡಿ ರೂಢಿ ಇದ್ದ 19 ಜನರನ್ನು ಹತ್ತು ವಾರಗಳಲ್ಲಿ, ಹಂತ ಹಂತವಾಗಿಯೇ, ತೆಳು ತಳದ ವೈಬ್ರಮ್ ಶೂಗೆ ಬದಲಾಯಿಸಿದರು. ಎಂಆರ್‌ಐ ತೆಗೆದು ನೋಡಿದ್ರೆ 10 ಜನರ ಪಾದದ ಮೂಳೆಯೊಳಗೆ ಊತ ಹೆಚ್ಚಾಗಿತ್ತು. ಮೂಳೆ ಒತ್ತಡಕ್ಕೆ ಸೋಲ್ತಿದೆ ಅನ್ನೋದಕ್ಕೆ ಅದು ಮುನ್ಸೂಚನೆ. ಅದು ಮುಂದುವರಿದ್ರೆ ಸ್ಟ್ರೆಸ್ ಫ್ರ್ಯಾಕ್ಚರ್. ಆಮೇಲೆ ತಿಂಗಳು ಎರಡು ತಿಂಗಳು ಓಟವೇ ಇಲ್ಲ. ಫಿಸಿಕಲ್ ಹತ್ತಿರ ಇದ್ದರೆ ಅಲ್ಲಿಗೆ ಮುಗೀತು.

ಹಾಗಾಗಿ ಫಿಸಿಕಲ್‌ಗೆ ಮೂರು ತಿಂಗಳಿಗಿಂತ ಕಡಿಮೆ ಇದ್ದರೆ, ಈಗ ಯಾವುದರಲ್ಲಿ ಓಡ್ತಿದ್ದೀಯೋ ಅದರಲ್ಲೇ ಓಡು. ಎಂಟ್ಹತ್ತು ಸಾವಿರದ ಶೂ ಬೇಡವೇ ಬೇಡ. ಬೆಲೆ ಜಾಸ್ತಿ ಇದ್ದರೆ ಗಾಯ ಕಮ್ಮಿ ಅಂತ ಯಾರೂ ಸಾಬೀತು ಮಾಡಿಲ್ಲ. ಹಗುರವಾಗಿ, ಬೆರಳು ಆಡೋ ಹಾಗಿದ್ದು, ಹಿಮ್ಮಡಿ ಜಾರದೆ, ಹಾಕ್ಕೊಂಡು ನಾಲ್ಕು ಹೆಜ್ಜೆ ಓಡಿದಾಗ ಹಿತ ಅನ್ನಿಸಿದ್ರೆ ಅದು ನಿನ್ನ ಶೂ. ಅಂದ ಹಾಗೆ, ಒಂದೊಂದು ಶೂನ ತೂಕ 100 ಗ್ರಾಂ ಹೆಚ್ಚಾದ್ರೆ ಓಟಕ್ಕೆ ಖರ್ಚಾಗೋ ಶಕ್ತಿ ಸುಮಾರು ಶೇ 1ರಷ್ಟು ಏರುತ್ತೆ. ದಪ್ಪಗೆ ಕಾಣೋದೆಲ್ಲ ಒಳ್ಳೇದಲ್ಲ.

ಸಮಯ ಇದೆ, ಬರಿಗಾಲು ಟ್ರೈ ಮಾಡಲೇಬೇಕು ಅನ್ನೋರು ಓಟದಿಂದ ಶುರು ಮಾಡಬೇಡಿ. ಮೊದಲ ಎರಡು ಮೂರು ವಾರ ಮನೆಯಲ್ಲಿ, ಟೆರೇಸಿನ ಮೇಲೆ ಬರಿಗಾಲಲ್ಲಿ ನಡೀರಿ. ಮೆಟ್ಟಿಲ ಅಂಚಿನಲ್ಲಿ ಮುಂಗಾಲಿಟ್ಟು ಹಿಮ್ಮಡಿ ಎತ್ತಿ ಇಳಿಸೋದನ್ನ ದಿನಾ ಮಾಡಿ. ಆಮೇಲೆ ಗಟ್ಟಿ ಮಣ್ಣು ಅಥವಾ ಹುಲ್ಲಿನ ಮೇಲೆ, ಮಾಮೂಲಿ ಓಟ ಮುಗಿದ ಮೇಲೆ, ಐದೇ ಐದು ನಿಮಿಷ, ವಾರಕ್ಕೆ ಎರಡು ಸಲ. ಮೀನಖಂಡ ಹಿಡಕೊಳ್ಳೋದು ಸಹಜ, ಎರಡು ದಿನದಲ್ಲಿ ಬಿಡುತ್ತೆ. ಪಾದದ ಮೇಲ್ಭಾಗದಲ್ಲಿ ಬೆರಳಿಟ್ಟು ತೋರಿಸೋ ಹಾಗೆ ಒಂದೇ ಜಾಗದಲ್ಲಿ ನೋವು ಬಂದ್ರೆ ಮಾತ್ರ ಅಲ್ಲಿಗೇ ನಿಲ್ಲಿಸಿ, ಮೂಳೆ ಡಾಕ್ಟರ್ ಹತ್ರ ಹೋಗಿ. ಸಕ್ಕರೆ ಕಾಯಿಲೆ ಇದ್ದು ಪಾದದಲ್ಲಿ ಸ್ಪರ್ಶ ಕಮ್ಮಿಯಾಗಿರೋರು ಬರಿಗಾಲ ಆಸೆ ಪೂರ್ತಿ ಬಿಡಿ, ಗಾಜು ಚುಚ್ಚಿದ್ದೂ ಗೊತ್ತಾಗಲ್ಲ. ಗಾಜು, ಜಲ್ಲಿ, ತಂತಿ ಚೂರು ನಮ್ಮ ರಸ್ತೆಗಳಲ್ಲಿ ಎಷ್ಟಿರುತ್ತೆ ಅಂತ ನಾನು ಹೇಳಬೇಕಾಗಿಲ್ಲ. ಟಿಟಿ ಇಂಜೆಕ್ಷನ್ ಯಾವಾಗ ಹಾಕಿಸಿದ್ರಿ ನೋಡ್ಕೊಳ್ಳಿ.

ದೊಡ್ಡವರ ಕಾಲಿನ ಕಥೆ ಇಷ್ಟು. ಮಕ್ಕಳದ್ದು ಬೇರೆ, ಅಲ್ಲಿ ನಾನು ಬರಿಗಾಲಿನ ಪಕ್ಷ. ಅದಕ್ಕೆ ಕಾರಣ ನಮ್ಮ ಕರ್ನಾಟಕದಲ್ಲೇ ನಡೆದ ಒಂದು ಕೆಲಸ. ಮಣಿಪಾಲದ ಕಸ್ತೂರಬಾ ಮೆಡಿಕಲ್ ಕಾಲೇಜಿನ ಉದಯ ಭಾಸ್ಕರ ರಾವ್ ಮತ್ತು ಬೆಂಜಮಿನ್ ಜೋಸೆಫ್ ಅವರು 4ರಿಂದ 13 ವರ್ಷದ 2300 ಮಕ್ಕಳ ಹೆಜ್ಜೆಗುರುತು ತೆಗೆದು ನೋಡಿದ್ರು, 1992ರಲ್ಲಿ ಪ್ರಕಟವಾಯ್ತು. ಚಪ್ಪಟೆ ಪಾದ, ಅಂದ್ರೆ ಒಳಗಿನ ಕಮಾನು ಏಳದೇ ಇರೋ ಪಾದ, ಪಾದರಕ್ಷೆ ಹಾಕೋ ಮಕ್ಕಳಲ್ಲಿ ಶೇ 8.6, ಬರಿಗಾಲ ಮಕ್ಕಳಲ್ಲಿ ಶೇ 2.8. ಪಾದರಕ್ಷೆಗಳಲ್ಲೂ ವ್ಯತ್ಯಾಸ ಇತ್ತು: ಬೆರಳು ಮುಚ್ಚಿರೋ ಶೂ ಹಾಕೋರಲ್ಲಿ ಹೆಚ್ಚು, ಸ್ಯಾಂಡಲ್, ಚಪ್ಪಲಿ ಹಾಕೋರಲ್ಲಿ ಕಮ್ಮಿ. ಜೋಸೆಫ್ ಅವರು ಇನ್ನೊಬ್ಬರ ಜೊತೆ ಸೇರಿ 1995ರಲ್ಲಿ 1846 ವಯಸ್ಕರ ಪಾದ ನೋಡಿದಾಗಲೂ, ಹದಿನಾರು ದಾಟಿದ ಮೇಲೆ ಶೂ ಹಾಕಲು ಶುರು ಮಾಡಿದವರಲ್ಲಿ ಚಪ್ಪಟೆ ಪಾದ ಕಡಿಮೆ ಇತ್ತು. ಕಮಾನು ಕಟ್ಟೋಕೆ ಪಾದ ದುಡಿಯಬೇಕು, ದುಡಿಯೋ ವಯಸ್ಸು ಬಾಲ್ಯ. ಚಪ್ಪಟೆ ಪಾದ ಇದ್ದವರಿಗೆಲ್ಲ ನೋವು ಬಂದೇ ಬರುತ್ತೆ ಅಂತಲ್ಲ, ಗಾಬರಿ ಬೇಡ.

ಎಲ್‌ಕೆಜಿ ಮಗುವಿಗೂ ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರವರೆಗೆ ಕಪ್ಪು ಲೆದರ್ ಶೂ, ಟೈಟ್ ಸಾಕ್ಸ್ ಹಾಕಿಸೋದು ಯಾವ ನಿಯಮವೋ ನನಗಂತೂ ಅರ್ಥ ಆಗಲ್ಲ. ನಿಮ್ಮನೆಯಲ್ಲಿ ತಮ್ಮ, ತಂಗಿ, ಅಕ್ಕನ ಮಗು ಯಾರಾದ್ರೂ ಇದ್ದರೆ, ಸಂಜೆ ಪಾರ್ಕಿಗೆ ಕರ್ಕೊಂಡು ಹೋದಾಗ ಮರಳಿನ ಜಾಗ ಒಮ್ಮೆ ಕಣ್ಣಾಡಿಸಿ, ಗಾಜು, ನಾಯಿ ಗಲೀಜು ಇಲ್ಲ ಅಂತ ನೋಡಿ, ಶೂ ಬಿಚ್ಚಿ ಬಿಟ್ಟುಬಿಡಿ. ಮನೆಗೆ ಬಂದ ಮೇಲೆ ಕಾಲು ಚೆನ್ನಾಗಿ ತೊಳೆಸಿ.