ಹಲ್ಲಿನ ಚಿತ್ರ ತೆಗೆಯುವಾಗ ವೈದ್ಯರು ಮರೆಯಾಗುವುದೇಕೆ?

ಹಲ್ಲುನೋವೆಂದು ಹೋದವನ ಬಾಯೊಳಗೆ ಪುಟ್ಟ ಫಲಕವೊಂದನ್ನಿಟ್ಟು, ‘ಅಲುಗಾಡಬೇಡಿ’ ಎಂದು ಹೇಳಿ ದಂತವೈದ್ಯರು ಗೋಡೆಯ ಮರೆಗೆ ಸರಿಯುತ್ತಾರೆ. ಅಪಾಯವಿಲ್ಲದಿದ್ದರೆ ಅವರೇಕೆ ಮರೆಯಾಗಬೇಕು? ರೋಗಿಗೆ ಈ ಶಂಕೆ ಸಹಜವಾದುದೇ. ಇದರಿಂದಾಗಿ ಚಿತ್ರವೇ ಬೇಡವೆಂದವರನ್ನು ನಾವು ಕಂಡಿದ್ದೇವೆ. ಆದರೆ ಎರಡು ಹಲ್ಲುಗಳ ಸಂದಿನಲ್ಲಿ ಕಣ್ಣಿಗೆ ಕಾಣದಂತೆ ಬೆಳೆಯುವ ಹುಳುಕು ಯಾರ ಧೈರ್ಯಕ್ಕೂ ಕಾಯುವುದಿಲ್ಲ.

ರಾಂಟ್‌ಜೆನ್ ಕ್ಷ-ಕಿರಣಗಳನ್ನು ಕಂಡುಹಿಡಿದುದು 1895ರಲ್ಲಿ. ಮರುವರ್ಷವೇ ಜರ್ಮನಿಯ ವಾಲ್ಖಾಫ್ ತನ್ನ ಹಲ್ಲುಗಳ ಚಿತ್ರಕ್ಕಾಗಿ 25 ನಿಮಿಷ ಅಲುಗದೆ ಮಲಗಿದನು. ಇಂದು ಸೆಕೆಂಡಿನ ಒಂದು ಸಣ್ಣ ಅಂಶ ಸಾಕು. ಡಿಜಿಟಲ್ ಫಲಕದ ಅಂಥ ಒಂದು ಚಿತ್ರದಿಂದ ದೇಹಕ್ಕೆ ತಗಲುವ ವಿಕಿರಣ ಸುಮಾರು 5 ಮೈಕ್ರೋಸೀವರ್ಟ್. ಆಕಾಶದಿಂದ, ಬಂಡೆಗಳಿಂದ, ಉಸಿರಾಡುವ ಗಾಳಿಯಿಂದ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2,400 ಮೈಕ್ರೋಸೀವರ್ಟ್, ಎಂದರೆ ದಿನಕ್ಕೆ ಆರೂವರೆಯಷ್ಟು, ಹೇಗೂ ಬರುತ್ತಲೇ ಇದೆ. ಅದಕ್ಕಂಜಿ ಉಸಿರಾಡುವುದನ್ನು ಬಿಟ್ಟವರುಂಟೆ?

ರೋಗಿಗೆ ಎಂದೋ ಒಂದು ಚಿತ್ರ. ವೈದ್ಯರಿಗಾದರೋ ದಿನವೂ ಹಲವು, ಅದೂ ವರ್ಷಗಟ್ಟಲೆ. ಆ ಚಿತ್ರದಿಂದ ಅವರ ಹಲ್ಲಿಗೇನೂ ಲಾಭವಿಲ್ಲ. ದೂರ ಇಮ್ಮಡಿಯಾದರೆ ತೀವ್ರತೆ ನಾಲ್ಕನೆಯ ಒಂದು ಪಾಲಿಗಿಳಿಯುವುದೆಂಬ ನಿಯಮವನ್ನು ವಿದ್ಯಾರ್ಥಿಗಳು ದೀಪದ ಬೆಳಕಿನ ಪಾಠದಲ್ಲಿಯೇ ಓದಿರುತ್ತಾರೆ. ವೈದ್ಯರ ನಾಲ್ಕು ಹೆಜ್ಜೆ ಅದರ ಬಳಕೆಯಷ್ಟೆ. ಗೋಡೆ ಉಳಿದುದನ್ನು ತಡೆಯುತ್ತದೆ.

ರೋಗಿಗೆ ಹೊದಿಸುವ ಸೀಸದ ಹೊದಿಕೆಯೂ ಇನ್ನು ಅಗತ್ಯವಿಲ್ಲವೆಂದು ಅಮೆರಿಕದ ದಂತವೈದ್ಯರ ಸಂಘವು 2024ರಲ್ಲಿ ಸೂಚಿಸಿತು. ಆದರೆ ಇಡೀ ದವಡೆಯ ತ್ರಿಮಿತಿ ಚಿತ್ರದ ಮಾತು ಬೇರೆ; ಅದರ ವಿಕಿರಣ ಇದರ ಹಲವು ಪಟ್ಟು. ಅದನ್ನು ತೆಗೆಸಲು ಹೇಳಿದಾಗ ‘ಏಕೆ?’ ಎಂದು ಕೇಳಲು ರೋಗಿ ಸಂಕೋಚಪಡಬೇಕಾಗಿಲ್ಲ.